ಏಳು ಗೊರಡುಗಳ ಕೆಲಸಕ್ಕೆ ಒಂದೇ ಗೊರಡು

ಕುಕನೂರಿನ ನವಲಿಂಗ ಗುಡಿಗಳನ್ನು ನೋಡಲು ಬಂದವರ ಕಣ್ಣು ಕೆತ್ತನೆಯ ಮೇಲೆ ನಿಲ್ಲುತ್ತದೆ. ಕಲ್ಲಿಗೆ ಕಲ್ಲು ಕೂಡುವ ಸಂದಿಯನ್ನು ಗಮನಿಸುವವರು ಕಡಿಮೆ. ರಾಷ್ಟ್ರಕೂಟರ ಕಾಲದ ಈ ಗುಡಿಗಳ ಹಿಂದೆ, ಸಮೀಪದ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯದ ಹಿಂದೆ ಮರದ ಕಟ್ಟಡಗಳ ದೀರ್ಘ ಪರಂಪರೆ ಇದೆ. ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆಯಲ್ಲಿ ಚಪ್ಪಡಿಗಳ ಸಂದಿ ಮುಚ್ಚಲು ಹಾಸಿದ ಉದ್ದನೆಯ ಕಲ್ಲುಪಟ್ಟಿಗಳು ಮರದ ತೊಲೆಗಳನ್ನೇ ನೆನಪಿಗೆ ತರುತ್ತವೆ.

ಆದರೆ ಕಲ್ಲುಕುಟಿಗನಿಗೆ ಇಲ್ಲದ ಒಂದು ತೊಡಕು ಬಡಗಿಗೆ ಇದೆ. ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ; ಅದೂ ಉದ್ದಕ್ಕಿಂತ ಅಗಲದಲ್ಲಿ ಹೆಚ್ಚು. ಕೊಪ್ಪಳ ಸೀಮೆಯಂಥ ಬಿಸಿಲುನಾಡಿನಲ್ಲಿ ಅಗಲವಾದ ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಜಡಿದರೆ ಅದು ಸೀಳುವ ಸಂಭವವೇ ಹೆಚ್ಚು. ಕಿನ್ನಾಳದ ಚಿತ್ರಗಾರರು ಹಗುರ ಮರದ ಸಣ್ಣ ತುಂಡುಗಳನ್ನು ಕೂಡಿಸಿ, ಹುಣಸೆಬೀಜದ ಅಂಟು ಬೆರೆಸಿದ ಲೇಪದಿಂದ ಸಂದಿ ಮುಚ್ಚಿ ಬಣ್ಣ ಹಚ್ಚುತ್ತಾರೆ. ಗೊಂಬೆಗೆ ಅದು ಸಾಕು, ಬಾಗಿಲಿಗೆ ಸಾಲದು.

ಬಾಗಿಲಿಗೆ ಬೇಕಾದುದು ತೋಡು ಮತ್ತು ನಾಲಿಗೆಯ ಜೋಡಣೆ. ಚೌಕಟ್ಟಿನ ಒಳ ಅಂಚಿನಲ್ಲಿ ಕಾಲುವೆಯಂತೆ ತೋಡು ತೆಗೆದು ಹಲಗೆಯ ಅಂಚನ್ನು ಅಂಟಿಲ್ಲದೆ ಅದರೊಳಗೆ ಕೂರಿಸುತ್ತಾರೆ. ಹಲಗೆಗೆ ಹಲಗೆ ಸೇರಿಸುವಾಗ ಒಂದರ ನಾಲಿಗೆ ಇನ್ನೊಂದರ ತೋಡಿಗೆ ಹೋಗುತ್ತದೆ. ಮರ ಸರಿದಾಡಿದರೂ ಸಂದಿ ಬಾಯಿ ಬಿಡುವುದಿಲ್ಲ.

ನಮ್ಮ ಕಡೆ ರಂದಾ ಎಂದು ಕರೆಯುವ ಸಾಮಾನ್ಯ ಉಜ್ಜುಗೊರಡು ಮೇಲ್ಮೈಯನ್ನು ನುಣುಪು ಮಾಡುತ್ತದೆಯೇ ಹೊರತು ತೋಡು ತೆಗೆಯದು. ಯೂರೋಪಿನ ಬಡಗಿಗಳು ಒಂದೊಂದು ಆಕಾರಕ್ಕೆ ಒಂದೊಂದು ಮರದ ಗೊರಡು ಇಟ್ಟುಕೊಳ್ಳುತ್ತಿದ್ದರು. ಉಬ್ಬು ತಗ್ಗುಗಳ ಪೂರ್ಣ ಜೋಡಣೆಯಲ್ಲೇ 18 ಜೋಡಿ, ಅಂದರೆ 36 ಗೊರಡುಗಳು! ಈ ಹೊರೆಯನ್ನು ಇಳಿಸಿದ್ದು ಅಮೆರಿಕದ ಸ್ಟ್ಯಾನ್ಲಿ ಕಂಪೆನಿ. ಜಸ್ಟಸ್ ಟ್ರಾಟ್ ರೂಪಿಸಿದ 45ನೆಯ ಸಂಖ್ಯೆಯ ಸಂಯುಕ್ತ ಗೊರಡು 1880ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇದೊಂದೇ ಏಳು ಗೊರಡುಗಳ ಕೆಲಸ ಮಾಡುತ್ತದೆಂಬುದು ಕಂಪೆನಿಯ ಪ್ರಚಾರ. 1897ರಲ್ಲಿ ಬಂದ 55ನೆಯ ಸಂಖ್ಯೆಗೆ ಐವತ್ತಕ್ಕೂ ಹೆಚ್ಚು ಅಲಗುಗಳಿದ್ದವು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರೆಕಾರ್ಡ್ ಕಂಪೆನಿ 405 ಎಂಬ ಇಂಥದೇ ಸಾಧನವನ್ನು ತಯಾರಿಸಿತು.

ಇದರ ರಚನೆ ಸರಳ. ಎರಡು ಉಕ್ಕಿನ ಸರಳುಗಳ ಮೇಲೆ ಪಕ್ಕದ ಅಡ್ಡಪಟ್ಟಿಯೊಂದು ಸರಿಯುತ್ತದೆ. ಅಂಚಿನಿಂದ ತೋಡು ಎಷ್ಟು ದೂರವಿರಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಇನ್ನೊಂದು ತಡೆ ಆಳವನ್ನು ನಿಗದಿ ಮಾಡುತ್ತದೆ. ಮರದ ಎಳೆಗೆ ಅಡ್ಡವಾಗಿ ಕೊರೆಯುವಾಗ ಅಲಗಿನ ಮುಂದಿರುವ ಚಿಕ್ಕ ಚೂರಿಗಳು ಎಳೆಯನ್ನು ಮೊದಲೇ ಕತ್ತರಿಸುತ್ತವೆ. ಇಲ್ಲವಾದರೆ ತೋಡಿನ ಅಂಚು ಹರಿದುಹೋಗುತ್ತದೆ.

ಬಳಸುವ ರೀತಿ ಮಾತ್ರ ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಕೆಲಸ ಆರಂಭವಾಗುವುದು ಹಲಗೆಯ ಆಚೆಯ ತುದಿಯಿಂದ. ಅಲ್ಲಿ ಕೆಲವೇ ಅಂಗುಲ ತಳ್ಳಿ, ಹಂತಹಂತವಾಗಿ ಹಿಂದಕ್ಕೆ ಬರುತ್ತಾ ಕೊನೆಗೆ ಪೂರ್ಣ ಉದ್ದಕ್ಕೆ ತಳ್ಳಬೇಕು. ಎಡಗೈ ಅಡ್ಡಪಟ್ಟಿಯನ್ನು ಮರಕ್ಕೆ ಒತ್ತಿ ಹಿಡಿಯುವುದು, ಬಲಗೈ ಮುಂದಕ್ಕೆ ತಳ್ಳುವುದು. ಎರಡರ ಕೆಲಸ ಬೆರೆತರೆ ಗೊರಡು ವಾಲುತ್ತದೆ. ತೋಡಿನ ಅಗಲ ಸಾಮಾನ್ಯವಾಗಿ ಮರದ ದಪ್ಪದ ಮೂರನೆಯ ಒಂದು ಪಾಲು.

ಸ್ಟ್ಯಾನ್ಲಿ 1960ರ ದಶಕದ ಆರಂಭದಲ್ಲಿ ಇದರ ತಯಾರಿಕೆ ನಿಲ್ಲಿಸಿತು. ವಿದ್ಯುತ್ ರೂಟರ್ ಅದೇ ತೋಡನ್ನು ಕ್ಷಣದಲ್ಲಿ ಕೊರೆಯುತ್ತದೆ. ಪದರಗಳನ್ನು ಅಡ್ಡಡ್ಡ ಅಂಟಿಸಿದ ಪ್ಲೈವುಡ್ ಹೆಚ್ಚೇನೂ ಹಿಗ್ಗದ ಕಾರಣ ತೋಡಿನ ಅಗತ್ಯವೂ ಕಡಿಮೆಯಾಯಿತು.

ಸಾಧನ ಮೂಲೆ ಸೇರಿದರೆ ನಷ್ಟವೇನಿಲ್ಲ. ಅದರ ಹಿಂದಿನ ತಿಳಿವಳಿಕೆ ಮರೆಯಾಗುವುದೇ ನಷ್ಟ. ಹಳೆಯ ಮನೆಯ ಬಾಗಿಲು ಬೇಸಿಗೆಯಲ್ಲಿ ಸಡಿಲವಾಯಿತೆಂದು ತೋಡಿಗೆ ಅಂಟು ಸುರಿಯುವುದು, ಹಲಗೆಗೆ ಮೊಳೆ ಹೊಡೆಯುವುದು ನಡೆಯುತ್ತದೆ. ಬಡಗಿ ಬೇಕೆಂದೇ ಬಿಟ್ಟ ಜಾಗವನ್ನು ಹೀಗೆ ಮುಚ್ಚಿದರೆ ತಲೆಮಾರುಗಳ ಕಾಲ ಬಾಳಿದ ಹಲಗೆಯೂ ನಡುವೆ ಸೀಳುತ್ತದೆ. ದುರಸ್ತಿಗೆ ಕೈಹಾಕುವ ಮುನ್ನ ಹಲಗೆ ತೋಡಿನಲ್ಲಿ ಅಲುಗಾಡುತ್ತದೆಯೇ ಎಂದು ನೋಡಬೇಕು. ಅಲುಗಾಡಿದರೆ ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು.