ಕಪ್ಪು ಕಲ್ಲಿನ ಕೆಂಪು ರಸ

ದ್ರಾಕ್ಷಾರಸವೆಂದೊಡನೆ ನಮ್ಮಲ್ಲಿ ಒಬ್ಬರಿಗೆ ವೈದ್ಯರ ದ್ರಾಕ್ಷಾಸವ ನೆನಪಾದರೆ, ಇನ್ನೊಬ್ಬರಿಗೆ ಪಾನನಿರೋಧದ ಚರ್ಚೆ ನೆನಪಾಗುತ್ತದೆ. ಯೂರೋಪಿನ ದಕ್ಷಿಣ ದೇಶಗಳಲ್ಲಾದರೋ ಅದು ಊಟದ ಒಂದು ಅಂಗ. ಅಷ್ಟೇ ಅಲ್ಲ, ನೆಲದ ಚರಿತ್ರೆಯೂ ಹೌದು. ಸ್ಪೇನಿನ ಕೆಂಪು ರಸಗಳಲ್ಲಿ ಬಲು ಗಟ್ಟಿಯಾದುದೆಂದು ಹೆಸರಾದ ಪ್ರಿಯೊರಾತ್‌ನ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ.

ಕತಲೋನಿಯಾದ ದಕ್ಷಿಣಕ್ಕೆ, ಮೊಂತ್ಸಾಂತ್ ಬೆಟ್ಟದ ಮಗ್ಗುಲಲ್ಲಿದೆ ಈ ಸೀಮೆ. 12ನೆಯ ಶತಮಾನದಲ್ಲಿ ಕಾರ್ತೂಸಿಯನ್ ಪಂಥದ ಸನ್ಯಾಸಿಗಳು ಇಲ್ಲಿಗೆ ಬಂದು ಮಠ ಕಟ್ಟಿದರು. ಮರದ ಮೇಲಿಂದ ದೇವದೂತರು ಏಣಿಯೇರಿ ಸ್ವರ್ಗಕ್ಕೆ ಹೋದುದನ್ನು ಕುರುಬನೊಬ್ಬ ಕಂಡನೆಂದು ಐತಿಹ್ಯ. ಆದುದರಿಂದ ಮಠಕ್ಕೆ ಸ್ಕಾಲಾ ದೇಯಿ, ಎಂದರೆ ದೇವರ ಏಣಿ, ಎಂದು ಹೆಸರಾಯಿತು. ಮಠದ ಮುಖ್ಯಸ್ಥನಾದ ಪ್ರಯರ್‌ನ ಆಳ್ವಿಕೆಯ ನೆಲವೇ ಪ್ರಿಯೊರಾತ್. ದ್ರಾಕ್ಷಿ ಬೇಸಾಯ ಇಲ್ಲಿ ಬೇರೂರಿದ್ದು ಈ ಸನ್ಯಾಸಿಗಳ ಆಶ್ರಯದಲ್ಲಿ.

1835ರಲ್ಲಿ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡಿತು. ಸನ್ಯಾಸಿಗಳು ಹೊರಟುಹೋದರು, ಮಠ ಲೂಟಿಯಾಗಿ ಪಾಳುಬಿತ್ತು. ಶತಮಾನದ ಕೊನೆಗೆ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ತೋಟಗಳನ್ನು ತಿಂದುಹಾಕಿತು. ಅಮೆರಿಕದ ಬಳ್ಳಿಯ ಬೇರಿಗೇ ಕಸಿ ಕಟ್ಟುವುದು ಅದಕ್ಕೆ ಪರಿಹಾರ. ಆದರೆ ಆ ಕಡಿದಾದ ಇಳಿಜಾರಿನಲ್ಲಿ ಮತ್ತೆ ಬಳ್ಳಿ ನೆಡಲು ಎಷ್ಟು ಜನಕ್ಕೆ ಶಕ್ತಿಯಿದ್ದೀತು? ಅನೇಕರು ಊರು ಬಿಟ್ಟು ಕೂಲಿ ಹುಡುಕಿಕೊಂಡು ಪಟ್ಟಣ ಸೇರಿದರು. ಉಳಿದವರು ಬೆಳೆದ ಹಣ್ಣು ಸಹಕಾರ ಸಂಘಕ್ಕೆ ಹೋಗುತ್ತಿತ್ತು. ಅದರ ರಸ ಪೀಪಾಯಿಗಳಲ್ಲಿ ಸಾಗಿ, ಬೇರೆ ಕಡೆಯ ತೆಳು ರಸಗಳಿಗೆ ಬಣ್ಣ ಬಲ ಕೊಟ್ಟು, ತನ್ನ ಹೆಸರನ್ನೇ ಕಳೆದುಕೊಳ್ಳುತ್ತಿತ್ತು.

1989ರಲ್ಲಿ ರೆನೆ ಬಾರ್ಬಿಯೆ, ಆಲ್ವರೊ ಪಲಾಸಿಯೋಸ್ ಮುಂತಾದ ಗೆಳೆಯರು ಗ್ರತಲ್ಯೋಪ್ಸ್ ಎಂಬ ಹಳ್ಳಿಯಲ್ಲಿ ಒಂದೇ ನೆಲಮಾಳಿಗೆಯಲ್ಲಿ ರಸ ತಯಾರಿಸಿ, ಐದು ಹೆಸರುಗಳಲ್ಲಿ ಸೀಸೆಗೆ ತುಂಬಿದರು. ಲೋಕ ಬೆರಗಾಯಿತು. 2000ದಲ್ಲಿ ಕತಲೋನಿಯಾ ಕೊಟ್ಟ ಅತ್ಯುಚ್ಚ ದರ್ಜೆಯನ್ನು 2009ರಲ್ಲಿ ಸ್ಪೇನ್ ಸರ್ಕಾರವೂ ಒಪ್ಪಿತು. ಆ ದರ್ಜೆ ಅದಕ್ಕೆ ಮುಂಚೆ, 1991ರಲ್ಲಿ, ರಿಯೋಹಾಕ್ಕೆ ಮಾತ್ರ ಸಂದಿತ್ತು.

ಇದನ್ನು ಐವರ ಸಾಹಸವೆಂದು ವರ್ಣಿಸುವುದು ವಾಡಿಕೆ. ನನಗೆ ಅದು ಅರ್ಧ ಸತ್ಯವೆಂದು ತೋರುತ್ತದೆ. ಹೊಸಬರು ಫ್ರಾನ್ಸಿನ ತಳಿಗಳನ್ನೂ ನೆಟ್ಟರು, ನಿಜ. ಆದರೆ ಇಂದು ರಸಿಕರು ಹುಡುಕಿಕೊಂಡು ಹೋಗುವುದು ಗರ್ನಾಚ, ಕರಿನ್ಯೇನ ಎಂಬ ಹಳೆಯ ಬಳ್ಳಿಗಳ ರಸವನ್ನು. ಲಾಭವಿಲ್ಲದಿದ್ದರೂ ಹೇಸರಗತ್ತೆ ಕಟ್ಟಿ ಉತ್ತು ಆ ಬಳ್ಳಿಗಳನ್ನು ಉಳಿಸಿದವರು ಯಾರು? ಅವರ ಹೆಸರು ಯಾವ ಸೀಸೆಯ ಮೇಲೂ ಇಲ್ಲ.

ಇನ್ನು ರುಚಿಯ ಮಾತು. ಅಲ್ಲಿನ ನೆಲ ಲಿಕೊರೆಲ್ಯ ಎಂಬ ಹೊಳಪಿನ ಕಪ್ಪು ಪದರಗಲ್ಲು. ನೀರು ಹುಡುಕುತ್ತ ಬೇರು ಬಿರುಕುಗಳಲ್ಲಿ ಆಳಕ್ಕಿಳಿಯುತ್ತದೆ. ಹಣ್ಣು ಕಡಿಮೆ, ಸಾರ ಹೆಚ್ಚು. ಮದ್ಯಸಾರ ನೂರಕ್ಕೆ 14, 15ರಷ್ಟಿರುವುದು ಸಾಮಾನ್ಯ. ಬಣ್ಣ ಕಡುಗೆಂಪು. ನೇರಳೆ ಹಣ್ಣು ತಿಂದಾಗ ನಾಲಗೆ ಹಿಡಿಯುವ ಒಗರನ್ನು ನೆನೆಸಿಕೊಂಡರೆ ವಾಚಕರಿಗೆ ಇದರ ಗುಣ ಅರ್ಧ ತಿಳಿದಂತೆಯೇ. ನಮ್ಮ ಬೇಸಗೆಯ ಸೆಕೆಯಲ್ಲಿ ಹಾಗೆಯೇ ಕುಡಿದರೆ ಬರಿಯ ಘಾಟು. 16ರಿಂದ 18 ಡಿಗ್ರಿಗೆ ತಣಿಸಿ, ಅಗಲಬಾಯಿಯ ಪಾತ್ರೆಯಲ್ಲಿ ಗಂಟೆ ಹೊತ್ತು ಗಾಳಿಗಿಟ್ಟರೆ ಮೃದುವಾಗುತ್ತದೆ.

ಈ ಒಗರು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯನ್ನು ಒಣಗಿಸುತ್ತದೆ. ಮಾಂಸದ ಪ್ರೋಟೀನು, ಕೊಬ್ಬು ಜೊತೆಗಿದ್ದರೆ ಅದು ಹದಕ್ಕೆ ಬರುತ್ತದೆ. ಸುಟ್ಟ ಕುರಿಮಾಂಸ, ಕಾಡುಹಂದಿಯ ಸಾರು ಇದಕ್ಕೆ ಒಪ್ಪುವುದು ಆದುದರಿಂದಲೇ. ಶಾಕಾಹಾರಿಗಳಿಗೆ ಹಳೆಯ ಕುರಿಹಾಲಿನ ಗಿಣ್ಣು ಇದೆ. ಎಣ್ಣೆ ಸುರಿದ ಸುಟ್ಟ ಬದನೆಕಾಯಿಯಿದೆ. ತರಗೋನದವರು ಬಾದಾಮಿ, ಬೆಳ್ಳುಳ್ಳಿ, ಒಣಮೆಣಸು ಅರೆದು ಮಾಡುವ ರೊಮೆಸ್ಕೊ ನಮ್ಮ ಚಟ್ನಿಯ ದಾಯಾದಿ. ಅದರ ನ್ಯೋರ ಮೆಣಸು ನಮ್ಮ ಬ್ಯಾಡಗಿಯಂತೆ ಬಣ್ಣಕ್ಕೆ ಮುಂದು, ಖಾರಕ್ಕೆ ಹಿಂದು. ಎರಡೂ ಮೂಲತಃ ಅಮೆರಿಕದಿಂದ ಬಂದವು. ನಮ್ಮ ಖಾರದ ಸಾರಿನೊಂದಿಗೆ ಮಾತ್ರ ಈ ರಸ ಬೇಡ. ಖಾರವೂ ಮದ್ಯಸಾರವೂ ಒಂದನ್ನೊಂದು ಕೆರಳಿಸುತ್ತವೆ.

ಬೇರುಹೇನೂ ಮೆಣಸೂ ಒಂದೇ ಖಂಡದಿಂದ ಬಂದವು. ಒಂದು ಊರನ್ನು ಬರಿದು ಮಾಡಿತು, ಇನ್ನೊಂದು ಊಟಕ್ಕೆ ಬಣ್ಣ ಕೊಟ್ಟಿತು. ಎರಡನ್ನೂ ಕಂಡು, ಬಳ್ಳಿಯ ಕೈ ಬಿಡದವರಿಂದ ಆ ಸೀಮೆ ಉಳಿಯಿತು.