ಬಚ್ಚಲ ನೀರಿನ ಗುಂಟ: ಉಮರಗಾ, ನಿಲಂಗಾ, ಉದಗೀರ ಭಾಗದ ಹಿತ್ತಲುಗಳ ಚರಿತ್ರೆ

ಧ್ವನಿ ಕೇಳಸ್ತದ ಅಂದ್ಕೊಂಡೀನಿ. ಉಮರಗಾದಾಗ ಈಗಷ್ಟೇ ಕರೆಂಟ್ ಬಂದದ, ನಡುವ ಹೋದ್ರ ಗಾಬರಿ ಆಗಬ್ಯಾಡ್ರಿ, ಮತ್ತ ಸೇರ್ಕೋತೀನಿ.

ನನಗಿಂತ ಮೊದಲು ಮಾತಾಡಿದ ಗೆಳೆಯರು ಕೋಟೆ ಮತ್ತು ಯುದ್ಧದ ಬಗ್ಗೆ ಹೇಳಿದರು. ಉದಗೀರ ಅಂದ ಕೂಡಲೇ 1760ರ ಮರಾಠ-ನಿಜಾಮ ಯುದ್ಧ ನೆನಪಾಗುವುದು ಸಹಜ. ನನ್ನ ವಿಷಯ ಆ ಕೋಟೆಯ ಕೆಳಗಿನ ಓಣಿಗಳದ್ದು, ಮನೆಗಳ ಹಿಂದಿನ ಹಿತ್ತಲುಗಳದ್ದು. ಇದಕ್ಕೆ ಇತಿಹಾಸ ಎಲ್ಲಿಂದ ತರ್ತೀಯೋ ಅಂತ ನಮ್ಮ ವಿಭಾಗದಾಗ ನಕ್ಕವರಿದ್ದಾರೆ. ಅವರು ಕೇಳಿದ್ದು ತಪ್ಪೇನಲ್ಲ, ಯಾಕಂದ್ರೆ ಮೊದಲ ತೊಡಕು ದಾಖಲೆಯದೇ.

ನಮ್ಮ ಕಡೆ ಭೂಮಿಯ ಇತಿಹಾಸ ಬರೆಯುವವರು ಮೊದಲು ಕೈ ಹಾಕುವುದು ಸಾತ್-ಬಾರಾ ಉತಾರಕ್ಕೆ. ಅದು ಹೊಲದ ಕಾಗದ. ಊರೊಳಗಿನ ಜಾಗ, ಅಂದರೆ ಗಾವಠಾಣ, ಅದರಲ್ಲಿ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಮನೆ ತೆರಿಗೆ ವಹಿಯಲ್ಲಿ ಮನೆ ಇರುತ್ತದೆ, ಮನೆಯ ಹಿಂದಿನ ನುಗ್ಗೆ ಗಿಡ ಇರುವುದಿಲ್ಲ. 2020ರಲ್ಲಿ ಸ್ವಾಮಿತ್ವ ಯೋಜನೆ ಶುರುವಾಗಿ ಡ್ರೋನ್ ಹಾರಿಸಿ ಊರೊಳಗಿನ ಜಾಗ ಅಳೆಯುವ ತನಕ ಹಳ್ಳಿಯ ಹಿತ್ತಲು ಸರ್ಕಾರದ ಕಣ್ಣಿಗೆ ಸರಿಯಾಗಿ ಬಿದ್ದೇ ಇರಲಿಲ್ಲ. ನಿಜಾಮರ ಕಾಲದ ಕಂದಾಯ ಭಾಷೆಯಲ್ಲಿ ಮೂರು ಶಬ್ದ ಇದ್ದವು: ಖುಷ್ಕಿ, ತರಿ, ಬಾಗಾತ್. ಒಣ ಬೇಸಾಯ, ನೀರಾವರಿ, ತೋಟ. ಹಿತ್ತಲು ಈ ಮೂರರಾಗ ಯಾವುದೂ ಅಲ್ಲ. ಕರ ಇಲ್ಲದ ನೆಲಕ್ಕೆ ಹೆಸರೂ ಬೇಕಾಗಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೂ ಹೆಚ್ಚುಕಡಿಮೆ ಇದೇ ಕಥೆ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ದೇವಾಲಯಕ್ಕೆ ಬಿಟ್ಟ ಪೂದೋಂಟ ಬರುತ್ತದೆ, ಮತ್ತರಿನ ಲೆಕ್ಕ ಬರುತ್ತದೆ. ಅದೇ ವಂಶದ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು ಎಂಬ ಚಿಂತೆ ನಮ್ಮ ಭಾಷೆಯಲ್ಲಿ ಸಾವಿರ ವರ್ಷದ ಹಳೆಯದು. ಆದರೆ ಆ ಗಿಡಕ್ಕೆ ದಿನಾ ನೀರು ಹಾಕಿದ ಹೆಣ್ಣುಮಗಳು ಶಾಸನದಲ್ಲಿಲ್ಲ.

ಹಾಗಾಗಿ ನಾನು ನಡೆದು ನೋಡಬೇಕಾಯಿತು. ಗಂಡಸು ಒಬ್ಬನೇ ಇನ್ನೊಬ್ಬರ ಹಿತ್ತಲಿಗೆ ಹೋಗೋದು ಚಲೋ ಕಾಣೂದಿಲ್ಲ, ಅದಕ್ಕ ನಮ್ಮ ಅವ್ವನ್ನ ಕರಕೊಂಡು ಹೋದೆ. ಎರಡನೇ ಮನೆಗೆ ಹೋಗೋದ್ರೊಳಗ ಸಂಶೋಧಕಿ ಆಕೆಯಾಗಿದ್ದಳು, ನಾನು ಬರಕೊಳ್ಳೋ ಗುಮಾಸ್ತ. ನಾನು ‘ಈ ಗಿಡ ಎಷ್ಟು ವರ್ಷದ್ದು’ ಅಂತ ಕೇಳಿದರೆ ‘ಯಾರಿಗೆ ಗೊತ್ತಪ್ಪಾ’ ಅನ್ನುತ್ತಿದ್ದರು. ಅವ್ವ ‘ಯಾರ ಮನಿಯಿಂದ ತಂದೀರಿ ಯಕ್ಕಾ’ ಅಂದರೆ ಸಾಕು, ಅರ್ಧ ತಾಸು ಮಾತು ಬರುತ್ತಿತ್ತು. ಈ ಪ್ರಬಂಧದ ಮುಖ್ಯ ಪ್ರಶ್ನೆ ಆಕೆಯದು.

ಮೊದಲು ಹಿತ್ತಲ ನಕಾಶೆ ಹೇಳ್ತೀನಿ. ಇದು ಎರೆ ನೆಲ. ಮಳೆ ಬಂದರೆ ಅಂಟು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಮಳೆ ಚೆನ್ನಾದ ವರ್ಷ 700-800 ಮಿಲಿಮೀಟರ್, ಅದೂ ನಾಲ್ಕು ತಿಂಗಳಲ್ಲಿ. ಮನೆ-ತೋಟಗಳ ಬಗ್ಗೆ ಓದಲು ಹೋದರೆ ಜಾವಾ ದ್ವೀಪದ ಪೆಕರಾಂಗನ್, ಕೇರಳದ ಪುರಯಿಡಂ ಸಿಗುತ್ತವೆ. ಅಲ್ಲಿ ತೆಂಗಿನ ಕೆಳಗೆ ಬಾಳೆ, ಬಾಳೆಯ ಕೆಳಗೆ ಗೆಡ್ಡೆ, ಎಲ್ಲಾ ಆಕಾಶದ ನೀರಿನ ಮೇಲೆ. ನಮ್ಮಲ್ಲಿ ಹಾಗಾಗುವುದಿಲ್ಲ. ನಮ್ಮ ಹಿತ್ತಲು ನಿಂತಿರುವುದು ಒಮ್ಮೆ ಬಳಸಿದ ನೀರಿನ ಮೇಲೆ. ಬಚ್ಚಲ ಮೋರಿ ಗೋಡೆ ದಾಟಿ ಹೊರಗೆ ಬೀಳುವ ಜಾಗದಿಂದ ಹಿತ್ತಲು ಶುರುವಾಗುತ್ತದೆ. ಮೋರಿಯ ಬಾಯಲ್ಲೇ ಕೆಸು, ಅದಕ್ಕೆ ಇಲ್ಲಿ ಮರಾಠಿಯ ‘ಆಳು’ ಅಂತನೇ ಅಂತಾರ. ಅದರ ಮುಂದೆ ಬಾಳೆ. ಕೊನೆಗೆ, ನೀರು ಇಂಗಿ ಹೋಗುವ ಅಂಚಿನಲ್ಲಿ, ಕರಿಬೇವು, ನುಗ್ಗೆ, ದಾಸವಾಳ. ಯಾವ ಗಿಡ ಎಷ್ಟು ಕೊಳೆ ನೀರು ತಡೆಯುತ್ತದೆ ಎಂಬ ಲೆಕ್ಕದ ಮೇಲೆ ಹಾಕಿದ ಸಾಲು ಇದು. ಲಿಂಗಾಯತರ ಮನೆಯಾದರೆ ಪತ್ರಿ ಗಿಡ ಬಚ್ಚಲಿನಿಂದ ದೂರ, ಕೊಡದ ನೀರಿನ ಮೇಲೆ. ಉದಗೀರದ ಮುಸ್ಲಿಂ ಮನೆಯೊಂದರಲ್ಲಿ ಆ ದೂರದ ಮೂಲೆ ಮೆಹಂದಿಗೆ ಮತ್ತು ದಾಳಿಂಬೆಗೆ ಮೀಸಲಾಗಿತ್ತು. ಗಿಡ ಬೇರೆ, ನಕಾಶೆ ಒಂದೇ.

ಈಗ ಗಡಿಯ ಮಾತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋಗಿ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. ಉಮರಗಾ ಮೊದಲಿನಿಂದಲೂ ಉಸ್ಮಾನಾಬಾದದ್ದೇ. 1982ರಲ್ಲಿ ಲಾತೂರ ಜಿಲ್ಲೆ ಆಯಿತು. ಶಾಲೆ, ಕಚೇರಿ, ಬಸ್ಸಿನ ಬೋರ್ಡು ಮರಾಠಿಯಾದವು. ಗಡಿ ಇತಿಹಾಸ ಸಾಮಾನ್ಯವಾಗಿ ಇಲ್ಲಿಂದ ಆಯೋಗ, ವರದಿ, ಚಳವಳಿ ಕಡೆಗೆ ಹೋಗುತ್ತದೆ. ಹಿತ್ತಲಲ್ಲಿ ನಿಂತು ನೋಡಿದರೆ 1956ರಲ್ಲಿ ಏನೂ ಆಗಿಲ್ಲ. ಭಾಲ್ಕಿ, ಬಸವಕಲ್ಯಾಣ, ಆಳಂದದಿಂದ ಸೊಸೆಯಂದಿರು ಬರುವುದು ನಿಲ್ಲಲಿಲ್ಲ, ಅವರ ಜೊತೆ ಬೀಜ ಬರುವುದೂ ನಿಲ್ಲಲಿಲ್ಲ. ಹೀರೇಕಾಯಿ ಬೀಜ ಬೂದಿಯಲ್ಲಿ ಕಲಸಿ, ಕುಂಬಳ ಬೀಜ ಸಗಣಿಯ ಕುಳ್ಳಿನೊಳಗೆ ಒತ್ತಿ ಗೋಡೆಗೆ ಬಡಿದು ಇಡುವುದನ್ನು ನಾನೇ ನೋಡಿದ್ದೇನೆ. ನಿಲಂಗಾದ ಒಬ್ಬ ಅಜ್ಜಿ, ತವರಿಂದ ಏನು ತಂದಿದ್ದಿರಿ ಅಂದರೆ, ಬಂಗಾರ ಬಿಟ್ಟು ಅವರಿಕಾಯಿಯ ಹೆಸರು ಹೇಳಿದರು.

ಮನೆಯ ಮುಂಬಾಗಿಲಲ್ಲಿ ಮರಾಠಿ, ಹಿತ್ತಲಲ್ಲಿ ಕನ್ನಡ. ನಾನು ನೋಡಿದ ಅನೇಕ ಮನೆಗಳಲ್ಲಿ ಕನ್ನಡ ಓದಲು ಬರುವ ಒಬ್ಬರೂ ಇಲ್ಲ, ಆದರೆ ಪಾತಿ, ಮಡಿ, ಚಪ್ಪರ, ಕುಡಿ, ಹೂ ಬಿಡೋದು, ಕಾಯಿ ಕಚ್ಚೋದು ಎಲ್ಲಾ ಕನ್ನಡವೇ. ಎಡವಟ್ಟೂ ಆಗ್ತಾವ. ನಮ್ಮಲ್ಲಿ ಚವಳಿಕಾಯಿ ಅಂದರೆ ದಕ್ಷಿಣದವರು ಗೋರಿಕಾಯಿ ಅನ್ನುವುದು, ಮರಾಠಿಯ ಗವಾರ. ಮರಾಠಿಯಲ್ಲಿ ಚವಳಿ ಅಂದರೆ ನಮ್ಮ ಅಲಸಂದಿ. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುವ ಒಬ್ಬ ಸೊಸೆ ಬೀಜದಂಗಡಿಯಲ್ಲಿ ಚವಳಿ ಕೇಳಿ ತಂದು ಹಾಕಿದಳಂತೆ. ಬಳ್ಳಿ ಹಬ್ಬಿ ಚಪ್ಪರ ಬೇಕಾದಾಗ ಅತ್ತೆ, ‘ಇದೇನವ್ವಾ, ನಿನ್ನ ಚವಳಿ ಮಾಳಿಗಿ ಏರ್ಲಿಕತ್ತದ’ ಅಂದರಂತೆ. ಪುಂಡಿಪಲ್ಯ-ಅಂಬಾಡಿ, ನುಗ್ಗಿ-ಶೇವಗಾ ಇಂಥ ಜೋಡಿಗಳಲ್ಲಿ ಗೊಂದಲವಿಲ್ಲ. ಒಂದೇ ಶಬ್ದ ಎರಡು ಗಿಡಕ್ಕೆ ಇದ್ದಲ್ಲೇ ಮೋಸ.

ಸುಖ-ದುಃಖ ಕೇಳಿದರೆ ಎಲ್ಲರೂ ಮೊದಲು ಹೇಳುವುದು ಕಳ್ಳರ ಸುದ್ದಿ. ಕಾಯಿಯ ಕಳ್ಳರಲ್ಲ, ಹೂವಿನ ಕಳ್ಳರು. ಬೆಳಗಿನ ಐದಕ್ಕೆ ಉದ್ದ ಕೋಲು, ಪ್ಲಾಸ್ಟಿಕ್ ಚೀಲ ಹಿಡಿದು ಬರುವ ಭಕ್ತರು ಗೋಡೆಯಾಚೆಯಿಂದ ದಾಸವಾಳದ ಮೊಗ್ಗನ್ನೂ ಬಿಡುವುದಿಲ್ಲ. ಉಮರಗಾದ ನಿವೃತ್ತ ಮಾಸ್ತರರೊಬ್ಬರು ‘ದೇವರಿಗೆ ಒಯ್ಯೋರಿಗೆ ಬೈಯಾಕೂ ಬರೂದಿಲ್ಲ, ಬಿಡಾಕೂ ಮನಸ್ಸಿಲ್ಲ’ ಅಂದರು. ಆಮೇಲೆ ಮಂಗ, ಆಡು, ಪಪ್ಪಾಯಿಗೆ ಬೆಳ್ಳಗೆ ಹತ್ತುವ ಹಿಟ್ಟುಹುಳ. ಸುಖ ಕೇಳಿದರೆ ಮಾತು ಕಡಿಮೆ. ಒಬ್ಬಾಕೆ ಸುಮ್ಮನೆ ಒಳಗೆ ಹೋಗಿ ಒಂದು ಹಿಡಿ ಕರಿಬೇವು ಕಿತ್ತು ಅವ್ವನ ಸೆರಗಿಗೆ ಹಾಕಿದರು. ಅದೇ ಉತ್ತರ ಅಂತ ಬರಕೊಂಡೆ.

ನನ್ನ ವಾದ ಇಲ್ಲಿಂದ ಶುರು. ಹಿತ್ತಲನ್ನು ಬದಲಿಸಿದ್ದು ಗಡಿ ಅಲ್ಲ, ನೀರು ಮತ್ತು ಮನೆಯ ಆಕಾರ.

ನೀರು ಎರಡು ರೀತಿ ಬದಲಾಯಿತು. ಮೊದಲನೆಯದು ಯಾರೂ ಗಮನಿಸದ್ದು. ಹಿಂದೆ ಪಾತ್ರೆಗೆ ಬೂದಿ, ತಲೆಗೆ ಸೀಗೆಕಾಯಿ, ಮೈಗೆ ಕಡಲೆ ಹಿಟ್ಟು. ಆ ನೀರು ಗಿಡಕ್ಕೆ ಒಗ್ಗುತ್ತಿತ್ತು. ಈಗ ಬಟ್ಟೆ ಪೌಡರು, ಪಾತ್ರೆ ಸಾಬೂನು. ಅದರಲ್ಲಿನ ಸೋಡಿಯಂ ಎರೆ ಮಣ್ಣಿನ ಕಣಗಳನ್ನು ಬಿಡಿಸಿ ರಂಧ್ರ ಮುಚ್ಚಿಸುತ್ತದೆ. ನೀರು ಇಂಗದೆ ಮೇಲೆ ನಿಲ್ಲುತ್ತದೆ, ಒಣಗಿದರೆ ಬಿಳಿ ಪೊರೆ. ಕೆಸು ಹೇಗೋ ಬದುಕುತ್ತದೆ, ಕರಿಬೇವು ಹಳದಿಯಾಗಿ ಸಾಯುತ್ತದೆ. ‘ಮೊದಲಿನ ಹಂಗ ಕೈ ಹತ್ತವಲ್ದು’ ಅಂತ ಹೆಂಗಸರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ತಪ್ಪು ಕೈಯದಲ್ಲರಿ, ಪೌಡರಿನದು. ಎರಡನೆಯದು ಎಲ್ಲರಿಗೂ ಗೊತ್ತಿದ್ದದ್ದು. 2016ರ ಮಾರ್ಚಿನಲ್ಲಿ ಲಾತೂರಿನ ನೀರಿನ ತಾಣಗಳ ಸುತ್ತ 144ನೇ ಕಲಮು ಹಾಕಿದ್ದರು. ಏಪ್ರಿಲ್ 12ಕ್ಕೆ ಮಿರಜದಿಂದ ರೈಲಿನಲ್ಲಿ ಮೊದಲ ಐದು ಲಕ್ಷ ಲೀಟರ್ ನೀರು ಬಂತು. ಆ ಬೇಸಿಗೆ ಬಗ್ಗೆ ಕಬ್ಬು, ಆಣೆಕಟ್ಟು, ಟ್ಯಾಂಕರ್ ಅಂತ ಸಾಕಷ್ಟು ಬರೆದಿದ್ದಾರೆ. ಹಿತ್ತಲಲ್ಲಿ ಆದದ್ದು ಇಷ್ಟು: ಒಂದೇ ನೀರನ್ನು ಮೂರು ಸಲ ಬಳಸಿದ ಮೇಲೆ ಮೋರಿಗೆ ಹೋಗಲು ಏನೂ ಉಳಿಯಲಿಲ್ಲ. ಯಾವ ಗಿಡ ಉಳಿಸಬೇಕು ಅಂತ ಪ್ರತಿ ಮನೆಯಲ್ಲೂ ಆಯ್ಕೆ ಮಾಡಬೇಕಾಯಿತು. ನಾವು ಕೇಳಿದ ಮನೆಗಳಲ್ಲಿ ಬಾಳೆ ಮೊದಲು ಹೋಯಿತು, ಪತ್ರಿ ಮತ್ತು ಕರಿಬೇವು ಕೊನೆಗೆ. ಹೂವಿನ ಗಿಡ ಬಿಟ್ಟವರು ಇವತ್ತಿಗೂ ಅದನ್ನ ಹೇಳುವಾಗ ದನಿ ತಗ್ಗಿಸುತ್ತಾರೆ.

ಇನ್ನು ಮನೆಯ ಆಕಾರ. ಇಲ್ಲಿ ನಾನು ನನ್ನ ಮನೆಯನ್ನು ಹೊರಗಿಟ್ಟು ಮಾತಾಡಲಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ ರಾತ್ರಿ, ಕಿಲ್ಲಾರಿ ಭೂಕಂಪವಾಯಿತು. ಔಸಾ, ನಿಲಂಗಾ, ಉಮರಗಾ ತಾಲೂಕುಗಳ ಊರುಗಳಲ್ಲಿ ಮಣ್ಣು-ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ ಮಲಗಿದ್ದವರ ಮೇಲೆ ಬಿತ್ತು. ಸತ್ತವರು ಸುಮಾರು 8,000. 52 ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು: ನೆಟ್ಟಗಿನ ರಸ್ತೆ, ಬಿಡಿಬಿಡಿ ಪ್ಲಾಟು, ಜಮೀನು ಎಷ್ಟಿದೆ ನೋಡಿ 250, 450 ಅಥವಾ 750 ಚದರಡಿ ಮನೆ. ನಮ್ಮ ಆಯಿ, ತಂದೆಯ ತಾಯಿ, ಅಂಥದೊಂದು ಊರಿನವಳು. ಹಳೆ ಊರಲ್ಲಿ ಗೋಡೆಗೆ ಗೋಡೆ ಹತ್ತಿ ಮನೆ, ಹಿತ್ತಲು ಅಂದರೆ ಒಂದು ಚೌಕ. ಹೊಸ ಊರಲ್ಲಿ ಮನೆಯ ನಾಲ್ಕೂ ಕಡೆ ಜಾಗ. ಎಂಜಿನಿಯರುಗಳು ಕೊಟ್ಟದ್ದು ಜಾಗ ಖರೆ, ಆದರೆ ಅದಕ್ಕೆ ಮರೆ ಇರಲಿಲ್ಲ. ರಸ್ತೆಯಿಂದ ಎಲ್ಲಾ ಕಾಣುವ ಬಯಲಿನಲ್ಲಿ ಬಚ್ಚಲಿಗೆ ಹೋಗುವುದು, ಕೂದಲು ಒಣಗಿಸುವುದು ಹೇಗೆ? ಮೊದಲ ವರ್ಷ ಹೆಂಗಸರು ಹಾಕಿದ್ದು ಕಾಯಿಪಲ್ಯ ಅಲ್ಲ, ಬೇಲಿ. ಮರೆಗಾಗಿ ಬೆಳೆಸಿದ ಬೇಲಿಯ ನೆರಳಿನಲ್ಲಿ ಆಮೇಲೆ ಹಿತ್ತಲು ಬಂತು. ಈಗ ಆ ಪುನರ್ವಸತಿ ಊರುಗಳು ಹಳೆ ಊರುಗಳಿಗಿಂತ ಹಸಿರಾಗಿ ಕಾಣುತ್ತವೆ. ಯೋಜನೆಯ ಯಶಸ್ಸು ಅಂತ ಬರೆಯುವವರು ಈ ನಡುವಿನ ಮೂರ್ನಾಲ್ಕು ವರ್ಷ ಬಿಟ್ಟುಬಿಡುತ್ತಾರೆ. ಭೂಕಂಪದ ನಂತರ ಇಲ್ಲಿ ಕೆಲಸ ಶುರು ಮಾಡಿದ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಮುಂದೆ ಹೆಂಗಸರಿಗೆ ಮನೆಯ ಹೊಲದಲ್ಲೇ ಒಂದು ಎಕರೆ ಕೇಳಿ ಪಡೆದು ಕಾಳು, ಕಾಯಿಪಲ್ಯ ಬೆಳೆಯಲು ಕಲಿಸಿತು. ಹಿತ್ತಲ ಲೆಕ್ಕ ಹೊಲಕ್ಕೆ ಹೋದದ್ದು ಹೀಗೆ ಅಂತ ನನಗನ್ನಿಸುತ್ತದೆ.

ಆಯಿ ಹೊಸ ಮನೆಗೆ ಬಂದ ಮೇಲೂ ಹಳೆ ಊರಿನ ಕಲ್ಲುರಾಶಿಗೆ ಹೋಗುತ್ತಿದ್ದಳಂತೆ. ಬಚ್ಚಲಿದ್ದ ಜಾಗದಲ್ಲಿ ಕರಿಬೇವು ಉಳಿದಿತ್ತು. ಕರಿಬೇವಿನ ಬೇರಿನಿಂದ ಮರಿ ಏಳುತ್ತವೆ. ಒಂದು ಮರಿ ಕಿತ್ತು ತಂದು ಪ್ಲಾಟಿನ ಮೂಲೆಯಲ್ಲಿ ಹಚ್ಚಿದಳು. ನಾವು ಉಮರಗಾಕ್ಕೆ ಬಂದಾಗ ಅದರ ಮರಿ ಇಲ್ಲಿಗೆ ಬಂತು. ಬೇರಿನ ಮರಿ ಅಂದರೆ ಬೇರೆ ಗಿಡವಲ್ಲ, ಅದೇ ಗಿಡ. ಆ ಮನೆಯದು ಬೇರೇನೂ ನಮ್ಮ ಹತ್ತಿರ ಇಲ್ಲ, ಒಂದು ಫೋಟೋ ಸಹ.

ಚಾಟ್‌ನಲ್ಲಿ ಒಬ್ಬರು ಕೇಳ್ಯಾರ: ‘ನಿಮ್ಮ ಹಿತ್ತಲು ಈಗ ಹೇಗಿದೆ?’ ಖರೆ ಹೇಳ್ತೀನಿ. ನಮ್ಮ ಅಣ್ಣ ಅಲ್ಲಿ ಕಾಂಕ್ರೀಟ್ ಹಾಕಿ ಬಾಡಿಗೆಗೆ ಎರಡು ಖೋಲಿ ಕಟ್ಟಬೇಕು ಅಂತಾನ. ಅವನದೂ ತಪ್ಪಲ್ಲ, ಮಕ್ಕಳ ಫೀಸ್ ಅದ, ಬೋರ್ ಬತ್ತಿ ಎರಡು ವರ್ಷ ಆಯ್ತು. ಅವ್ವ ಹೂಂ ಅಂದಿಲ್ಲ, ಊಹೂಂ ಅನ್ನಲೂ ಇಲ್ಲ. ಹೋದ ವಾರ ನಾನು ಎದ್ದಾಗ ಆಕೆ ಗಿಡದ ಬುಡ ಅಗೆದು ಎರಡು ಮರಿ ಡಬ್ಬಿಗೆ ಹಚ್ಚಲಿಕತ್ತಿದ್ದಳು. ಒಂದು ನನಗಂತೆ. ಇನ್ನೊಂದು ಯಾರಿಗೆ ಅಂದರೆ, ನಿಲಂಗಾದ ಅವರಿಕಾಯಿ ಅಜ್ಜಿಗೆ ಅಂದಳು. ಅವರ ಕರಿಬೇವು ಹಳದಿ ಆಗ್ಯಾದಂತ.