ಮಂತ್ರವಾದಿಯ ಸಾಲ

ಪುಣೆಯ ಕೋಥ್ರೂಡಿನ ಒಂದು ಫ್ಲ್ಯಾಟಿನಲ್ಲಿ ಭಾನುವಾರ ಮಧ್ಯಾಹ್ನ ನಾವು ಐದು ಜನ ಕನ್ನಡಿಗರು ದಾಳ ಹಿಡಿದು ಕೂರುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದ ನಾಲ್ವರು ಆ ಕಥೆಯೊಳಗಿನ ಪಾತ್ರಗಳಾಗುತ್ತೇವೆ. ಕೈಹಾಕಿದ ಕೆಲಸ ಆಯಿತೋ ಕೆಟ್ಟಿತೋ ಎಂಬುದನ್ನು ದಾಳ ಹೇಳುತ್ತದೆ. ಊರಿಂದ ಬಂದಿದ್ದ ಅಮ್ಮ ಒಮ್ಮೆ ಅರ್ಧ ಗಂಟೆ ಕೂತು ನೋಡಿ, "ವೇಷ ಕಟ್ಟದ ಬಯಲಾಟ" ಎಂದು ತೀರ್ಪು ಕೊಟ್ಟು ಒಳಗೆ ಹೋದಳು. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಇನ್ನೂ ಸಿಕ್ಕಿಲ್ಲ.

ನಾನು ಯಾವಾಗಲೂ ಮಂತ್ರವಾದಿ. ಬೇರೆ ಬೇರೆ ಆಟಗಳಲ್ಲಿ ಹತ್ತು ವರ್ಷ ಮಂತ್ರ ಹಾಕಿದವನಿಗೆ ಒಂದು ಸಂಗತಿ ಗೊತ್ತಾಗಿದೆ. ಮಂತ್ರದಿಂದ ಆಗುವುದು ಎಲ್ಲ ಆಟಗಳಲ್ಲೂ ಹೆಚ್ಚುಕಡಿಮೆ ಒಂದೇ: ಬೆಂಕಿ, ಮಿಂಚು, ಮಂಗಮಾಯ. ಆಮೇಲೆ ಆ ಸಾಲವನ್ನು ಯಾರು ತೀರಿಸಬೇಕು ಎನ್ನುವಲ್ಲಿ ಒಂದೊಂದು ಆಟದ್ದೂ ಒಂದೊಂದು ಲೆಕ್ಕ. ಐವತ್ತು ವರ್ಷಗಳ ಈ ಆಟಗಳ ಚರಿತ್ರೆಯನ್ನು ನಾನು ಓದಿಕೊಂಡದ್ದು ಆ ಲೆಕ್ಕದ ಹಾದಿಯಲ್ಲೇ.

ಶುರುವಾದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಮೊದಲ ಮುದ್ರಣ 1000 ಪ್ರತಿ. ಅದರಲ್ಲಿ ಮಂತ್ರವಾದಿ ದಿನದ ಮಂತ್ರಗಳನ್ನು ಪುಸ್ತಕ ನೋಡಿ ಬಾಯಿಪಾಠ ಮಾಡಿಕೊಳ್ಳಬೇಕು. ಒಮ್ಮೆ ಉಚ್ಚರಿಸಿದರೆ ಆ ಮಂತ್ರ ತಲೆಯಿಂದಲೇ ಅಳಿಸಿಹೋಗುತ್ತದೆ. ನಿದ್ದೆ ಮಾಡಿ ಎದ್ದು ಮತ್ತೆ ಕಲಿಯಬೇಕು. ಈ ಕಲ್ಪನೆ ಬಂದದ್ದು ಜಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ 'ದ ಡೈಯಿಂಗ್ ಅರ್ಥ್' ಕಥೆಗಳಿಂದ. ಗೈಗ್ಯಾಕ್ಸ್ ಆ ಋಣವನ್ನು ಮುಚ್ಚಿಡಲಿಲ್ಲ. ಆಟದಲ್ಲಿ ಬರುವ ವೆಕ್ನಾ ಎಂಬ ದುಷ್ಟ ಮಂತ್ರವಾದಿಯ ಹೆಸರು ಕೂಡ ವ್ಯಾನ್ಸ್ ಹೆಸರಿನ ಅಕ್ಷರಗಳನ್ನು ಆಚೀಚೆ ಮಾಡಿ ಕಟ್ಟಿದ್ದು. ನಮ್ಮವರಿಗೆ ಈ ನಿಯಮ ವಿವರಿಸಲು ನಾನು ಹೆಚ್ಚು ಕಷ್ಟಪಡಲಿಲ್ಲ. "ಪರಶುರಾಮರ ಶಾಪ, ದಿನಾ ಬೆಳಿಗ್ಗೆ" ಎಂದೆ. ಕರ್ಣನ ಕಥೆ ಗೊತ್ತಿದ್ದವರಿಗೆ ಅಷ್ಟು ಸಾಕಾಯಿತು. ಇಲ್ಲಿ ಸಾಲಗಾರನೂ ಮಂತ್ರವಾದಿಯೇ, ತೀರಿಸುವವನೂ ಅವನೇ.

ಆದರೆ 1970ರ ದಶಕದ ಕೊನೆಯಲ್ಲಿ ಅದೇ ಆಟದ 'ಅಡ್ವಾನ್ಸ್ಡ್' ಆವೃತ್ತಿ ಬರುವ ಹೊತ್ತಿಗೆ ಲೆಕ್ಕ ಜಟಿಲವಾಗಿತ್ತು. 'ಹೇಸ್ಟ್' ಎಂಬ ಮಂತ್ರ ಹಾಕಿದರೆ ಜೊತೆಗಾರರು ಎರಡು ಪಟ್ಟು ವೇಗದಲ್ಲಿ ಕಾದಾಡುತ್ತಾರೆ. ಆದರೆ ಮಂತ್ರ ಹಾಕಿಸಿಕೊಂಡವರ ಆಯುಷ್ಯದಲ್ಲಿ ಒಂದು ವರ್ಷ ಕಳೆದುಹೋಗುತ್ತದೆ. ಸಾವಿರ ವರ್ಷ ಬದುಕುವ ಎಲ್ಫ್‌ಗೆ ಅದು ಯಾವ ಲೆಕ್ಕ? ಮನುಷ್ಯನಿಗೆ ಲೆಕ್ಕವೇ. ನಾವು ಹಟಕ್ಕೆ ಬಿದ್ದು ಹಳೆಯ ನಿಯಮಗಳಲ್ಲೇ ಒಂದು ಕಥೆ ಆಡಿದೆವು. ನಮ್ಮ ಗುಂಪಿನ ಸಿಪಾಯಿ ಕಥೆಗೆ ಬಂದಾಗ ಅವನಿಗೆ 22 ವರ್ಷ. ಆಟದೊಳಗೆ ಕಳೆದದ್ದು ಒಂದು ಮಳೆಗಾಲ. ಕಥೆ ಮುಗಿದಾಗ ಅವನಿಗೆ 33. ಹನ್ನೊಂದು ಸಲ ಮಂತ್ರ ಹಾಕಿದವನು ನಾನು. ನನ್ನ ತಲೆಯಲ್ಲಿ ಒಂದು ಕೂದಲೂ ನೆರೆಯಲಿಲ್ಲ. ಆ ಸಿಪಾಯಿಯ ಪಾತ್ರ ಮಾಡುತ್ತಿದ್ದವನು ಹಿಂಜೆವಾಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. "ನಮ್ಮ ಮ್ಯಾನೇಜರಿಗೂ ಇದೇ ಮಂತ್ರ ಬರುತ್ತೆ" ಎಂದ.

1981ರಲ್ಲಿ ಸ್ಯಾಂಡಿ ಪೀಟರ್ಸನ್ ರಚಿಸಿದ 'ಕಾಲ್ ಆಫ್ ಕ್ಥುಲ್ಹು' ಬಂತು. ಅದು ಎಚ್. ಪಿ. ಲವ್‌ಕ್ರಾಫ್ಟನ ಭಯಾನಕ ಕಥೆಗಳ ಲೋಕ. ಅಲ್ಲಿ ಪ್ರತಿ ಪಾತ್ರಕ್ಕೂ ಬುದ್ಧಿಸ್ವಾಸ್ಥ್ಯಕ್ಕೆ ಇಷ್ಟು ಎಂದು ಅಂಕಗಳಿವೆ. ಮಂತ್ರ ಹಾಕಿದರೆ ಕಡಿಮೆ, ಕಾಣಬಾರದ್ದನ್ನು ಕಂಡರೆ ಕಡಿಮೆ. ನನ್ನನ್ನು ನಿಜಕ್ಕೂ ಬೆಚ್ಚಿಸಿದ ನಿಯಮ ಇನ್ನೊಂದಿದೆ: ಆ ಗುಪ್ತವಿದ್ಯೆಯ ಬಗ್ಗೆ ಎಷ್ಟು ಅಂಕದ ತಿಳಿವಳಿಕೆ ಬರುತ್ತದೋ ಅಷ್ಟನ್ನು 99ರಿಂದ ಕಳೆಯಬೇಕು, ಉಳಿದದ್ದಕ್ಕಿಂತ ಮೇಲೆ ನಿಮ್ಮ ಸ್ವಾಸ್ಥ್ಯ ಇನ್ನೆಂದೂ ಏರದು. ಔಷಧವಿಲ್ಲ, ವಿಶ್ರಾಂತಿಯಿಲ್ಲ. ಓದಿದ್ದನ್ನು ಓದಿಲ್ಲ ಎನ್ನಲಾಗುವುದಿಲ್ಲವಲ್ಲ.

ಇಂಗ್ಲೆಂಡಿನಲ್ಲಿ 1986ರಲ್ಲಿ 'ವಾರ್‌ಹ್ಯಾಮರ್' ಲೋಕದ ರೋಲ್-ಪ್ಲೇಯಿಂಗ್ ಆಟ ಬಂತು. ಅದರ 2005ರ ಎರಡನೆಯ ಆವೃತ್ತಿ ಗಣಿತ ಬಲ್ಲವರ ಕಣ್ಣಿಗೆ ಹಬ್ಬ. ಮಂತ್ರ ಹಾಕುವಾಗ ಹತ್ತು ಮುಖದ ದಾಳಗಳನ್ನು ಎಸೆಯಬೇಕು. ಮಂತ್ರವಾದಿ ಪಳಗಿದಷ್ಟೂ ಹೆಚ್ಚು ದಾಳ, ಗರಿಷ್ಠ ನಾಲ್ಕು. ಎರಡು ದಾಳಗಳಲ್ಲಿ ಒಂದೇ ಸಂಖ್ಯೆ ಬಿದ್ದರೆ ಮಂತ್ರದ ಜೊತೆಗೆ ಅವಾಂತರವೂ ಬರುತ್ತದೆ. ಸಣ್ಣದಾದರೆ ಮೂಗಿನಲ್ಲಿ ರಕ್ತ, ಇಲ್ಲವೇ ಸುತ್ತಲಿನವರ ಹಾಲು ಒಡೆಯುವುದು. ಮೂರು ಒಂದೇ ಬಿದ್ದರೆ ದೊಡ್ಡದು, ನಾಲ್ಕೂ ಒಂದೇ ಆದರೆ ಕೇಳಬೇಡಿ. ಒಂದು ಸಂಜೆ ಕಾಗದ ತೆಗೆದು ಲೆಕ್ಕ ಹಾಕಿದೆ. ಎರಡು ದಾಳ ಎಸೆದರೆ ಅವಾಂತರದ ಸಂಭವ ನೂರಕ್ಕೆ 10. ಮೂರಕ್ಕೆ 28. ನಾಲ್ಕಕ್ಕೆ ಸುಮಾರು 50. ಅಂದರೆ ಕಲಿಯುವ ಹುಡುಗನಿಗಿಂತ ಮಹಾಗುರುವೇ ಊರಿಗೆ ಅಪಾಯ! ಒಡೆದ ಹಾಲು ಅವನ ಮನೆಯದಾಗಿರಬೇಕೆಂದೇನಿಲ್ಲ. ಮಾಟಗಾರರನ್ನು ಕಂಡರೆ ಹಳ್ಳಿಯವರು ಯಾಕೆ ಕಲ್ಲೆತ್ತುತ್ತಾರೆ ಎಂಬುದನ್ನು ಆ ಆಟ ಒಂದು ಮಾತೂ ಬರೆಯದೆ ತಿಳಿಸುತ್ತದೆ.

ಇನ್ನು 1991ರ 'ಡಾರ್ಕ್ ಸನ್'. ಟ್ರಾಯ್ ಡೆನಿಂಗ್ ಮತ್ತು ಟಿಮೊಥಿ ಬ್ರೌನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ಗಾಗಿಯೇ ಕಟ್ಟಿದ ಲೋಕ ಇದು. ಬ್ರಾಮ್ ಎಂಬ ಚಿತ್ರಕಾರ ಅದಕ್ಕೆ ಕೆಂಪು ಬಿಸಿಲಿನ ರೂಪ ಕೊಟ್ಟರು. ಆಥಸ್ ಎಂಬ ಆ ನೆಲ ಒಂದು ಕಾಲಕ್ಕೆ ಹಸಿರಾಗಿತ್ತು. ಅಲ್ಲಿ ಮಂತ್ರಕ್ಕೆ ಬೇಕಾದ ಶಕ್ತಿಯನ್ನು ಸುತ್ತಲಿನ ಗಿಡಮರಗಳ ಜೀವದಿಂದ ಎಳೆದುಕೊಳ್ಳಬೇಕು. ಪ್ರಿಸರ್ವರ್ ಎನಿಸಿಕೊಂಡವರು ನೋಡಿಕೊಂಡು, ನಿಧಾನವಾಗಿ, ನೆಲ ಸಾಯದಷ್ಟು ತೆಗೆಯುತ್ತಾರೆ. ಡಿಫೈಲರ್‌ಗಳು ಬುಡಸಮೇತ ಹೀರಿ ಬೂದಿ ಬಿಟ್ಟು ಹೋಗುತ್ತಾರೆ. ಮಂತ್ರ ದೊಡ್ಡದಾದಷ್ಟೂ ಬೂದಿಯ ವೃತ್ತ ದೊಡ್ಡದು. ನಿಯಮದ ಕೋಷ್ಟಕದಲ್ಲಿ ಇನ್ನೊಂದು ಕ್ರೂರ ವಿವರವಿದೆ: ದಟ್ಟ ಕಾಡಿನಲ್ಲಿ ವೃತ್ತ ಕಿರಿದು, ಬರಡು ನೆಲದಲ್ಲಿ ಹಿರಿದು. ಬಡ ನೆಲ ಅಷ್ಟೇ ಮಂತ್ರಕ್ಕೆ ಹೆಚ್ಚು ದೂರ ಸುಟ್ಟುಕೊಳ್ಳಬೇಕು. ಡಿಫೈಲರನ ಮೈಗೆ ಮಾತ್ರ ವಯಸ್ಸಿಲ್ಲ, ಹುಚ್ಚಿಲ್ಲ. ಮೇಲಾಗಿ ಅವನು ಪ್ರಿಸರ್ವರ್‌ಗಿಂತ ಬೇಗ ಮೇಲಿನ ಹಂತಕ್ಕೆ ಏರುತ್ತಾನೆ. ಅದಕ್ಕೇ ನಾನು ಡಿಫೈಲರ್ ಆದೆ.

ನಮ್ಮ ಮೇಜಿನ ಮೇಲೆ ಒಂದು ಊಟೆಯನ್ನು ಕಾಯುವ ಡ್ರುಯಿಡ್ ಇದ್ದ. ಆ ಪಾತ್ರದ ಗೆಳೆಯ ಜಮಖಂಡಿ ಕಡೆಯವನು. ಮೂರನೆಯ ವಾರ ಶತ್ರುಗಳು ಮುತ್ತಿದಾಗ ನಾನು ಆ ಊಟೆಯ ಪಕ್ಕದಲ್ಲೇ ನಿಂತು ಒಂದರ ಹಿಂದೊಂದು ಮೂರು ಮಂತ್ರ ಹಾಕಿದೆ. ಗೆದ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ನಕ್ಷೆ ನೋಡುತ್ತಾ ಕೂತಿದ್ದ.

"ನಮ್ಮ ಹೊಲದ ಕಥಿನೇ ಐತಲ್ಲೋ ಇದು" ಎಂದ ಕೊನೆಗೆ.

ಅವನ ಅಪ್ಪ ಕಬ್ಬಿಗೆ ಹೊಳೆಯ ನೀರು ಹಾಯಿಸಿದ್ದರು, ಸುತ್ತಮುತ್ತ ಎಲ್ಲರೂ ಹಾಯಿಸುತ್ತಿದ್ದ ಹಾಗೆ. ಕೆಲವು ವರ್ಷ ಬೆಳೆ ಕೈತುಂಬ. ಅದೇ ದುಡ್ಡಿನಲ್ಲಿ ಇವನ ಎಂಜಿನಿಯರಿಂಗ್ ಓದು ಆಯಿತು. ನೀರು ಹೆಚ್ಚಾದಂತೆ ನೆಲದಡಿಯ ಉಪ್ಪು ಮೇಲಕ್ಕೆ ಬಂದು ಹೊಲ ಸವಳು-ಜವಳಾಯಿತು. ಈಗ ಬೇಸಿಗೆಯಲ್ಲಿ ಬೆಳ್ಳಗೆ ಹೊಪ್ಪಳ ಏಳುತ್ತದೆಯಂತೆ. "ಅಪ್ಪಂದು ತಪ್ಪು ಅನ್ನಂಗಿಲ್ಲ. ನಾನು ಇಲ್ಲಿ ಕುಂತೀನಲ್ಲ" ಎಂದ. ಮುಂದೆ ಯಾರೂ ಮಾತಾಡಲಿಲ್ಲ. ನಾನು ಚಹಾಕ್ಕಿಡಲು ಎದ್ದೆ.

ಆಮೇಲಿನ ಚರಿತ್ರೆ ಚಿಕ್ಕದು. 2000ದಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಮೂರನೆಯ ಆವೃತ್ತಿ 'ಹೇಸ್ಟ್' ಮಂತ್ರದಿಂದ ಆ ಒಂದು ವರ್ಷವನ್ನು ತೆಗೆದುಹಾಕಿತು. 2014ರ ಐದನೆಯದರಲ್ಲಿ ಮಂತ್ರ ಇಳಿದ ಮೇಲೆ ಒಂದು ಸರದಿ ಸುಸ್ತಾಗಿ ನಿಂತರೆ ಸಾಲ ಚುಕ್ತಾ. ಕಂಪ್ಯೂಟರ್ ಆಟಗಳಲ್ಲಂತೂ ಹೆಚ್ಚಾಗಿ ಒಂದು ನೀಲಿ ಪಟ್ಟಿ ಖಾಲಿಯಾಗುತ್ತದೆ, ಮತ್ತೆ ತಾನೇ ತುಂಬಿಕೊಳ್ಳುತ್ತದೆ. ಆಡಲು ಸಲೀಸು, ಒಪ್ಪುತ್ತೇನೆ. ಆದರೆ ಅಂಥ ಆಟದಲ್ಲಿ ಮಂತ್ರ ಹಾಕುವ ಮುಂಚೆ ನನ್ನ ಕೈ ಒಮ್ಮೆಯೂ ತಡೆದದ್ದಿಲ್ಲ.

ನಮ್ಮ ಆಥಸ್ ಇನ್ನೂ ನಡೆದಿದೆ. ನಕ್ಷೆಯಲ್ಲಿ ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಗುರುತಿಸುವುದು ನಮ್ಮ ರೂಢಿ. ಊರು, ದಾರಿ, ಸತ್ತ ಶತ್ರುಗಳು, ಎಲ್ಲ ಅಳಿಸಿ ಬರೆಯುತ್ತೇವೆ. ಊಟೆಯ ಪಕ್ಕದ ಮೂರು ವೃತ್ತಗಳನ್ನು ಮಾತ್ರ ಅವನು ಪೆನ್ನಿನಲ್ಲಿ ಬರೆದಿದ್ದಾನೆ.